ಕಾಲು ತೊಳೆಯುವ ದೃಶ್ಯ

ನಮ್ಮೂರಿನಲ್ಲಿ ಡಿಸ್ಕ್ ಪ್ಲೇಯರ್ ಕೊಳ್ಳಲು ಹೋದವರು ಮೊದಲು ಬೆಲೆ ಕೇಳುವುದಿಲ್ಲ, ನರೆಗೂದಲು ಕಾಣುತ್ತದೆಯೇ ಎಂದು ಕೇಳುತ್ತಾರೆ. ನಾನೂ ಅದನ್ನೇ ಕೇಳಿದೆ. ಅಂಗಡಿಯ ತಿಪ್ಪೇಶ ಕರಿ ಪೆಟ್ಟಿಗೆಯ ಮೇಲೆ ಕೈಯಿಟ್ಟು, "ನರೆ ಏನು ಸಾರ್, ಹುಬ್ಬಿನ ಕೂದಲು ಎಣಿಸಬಹುದು. ಇದು ನೀಲಿ ಬೆಳಕಿನ ಮಿಷನ್ನು, ಹಳೇದರ ಹಾಗೆ ಕೆಂಪಲ್ಲ" ಎಂದ. ಆ ಮಾತು ಸುಳ್ಳಲ್ಲ. ನೀಲಿ ಬೆಳಕಿನ ಅಲೆ ಕೆಂಪಿನದಕ್ಕಿಂತ ಚಿಕ್ಕದು, ಚಿಕ್ಕ ಅಲೆ ಚಿಕ್ಕ ಗುಳಿಗಳನ್ನು ಓದಬಲ್ಲದು, ಹಾಗಾಗಿ ಅದೇ ಅಗಲದ ಡಿಸ್ಕಿನಲ್ಲಿ ಹಲವು ಪಟ್ಟು ಹೆಚ್ಚು ಚಿತ್ರ ಹಿಡಿಯುತ್ತದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ, ಈಗ ಊರಿನ ನೀರು ಸರಬರಾಜು ಕೇಂದ್ರದ ಪ್ರಯೋಗಾಲಯದಲ್ಲಿ ನೀರಿನ ಬಗ್ಗಡ ಅಳೆಯುವ ನನಗೆ ಇಷ್ಟನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ತಿಪ್ಪೇಶನಿಂದ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡೆ. "ಇದರ ಜೊತೆಗೆ ಅಗಲದ ಟಿವಿಯೂ ಬೇಕು ಸಾರ್. ನಿಮ್ಮ ಹಳೇ ಡಬ್ಬಕ್ಕೆ ಇದನ್ನ ಸಿಕ್ಕಿಸಿದರೆ ಪ್ರಯೋಜನವಿಲ್ಲ" ಎಂದು ತಿಪ್ಪೇಶ ಅದನ್ನೂ ಕಟ್ಟಿಸಿಬಿಟ್ಟ. ಭಾವ ಬದುಕಿದ್ದಾರೆಯೇ ಇಲ್ಲವೇ ಎಂಬುದು ಈ ಎರಡು ಪೆಟ್ಟಿಗೆಗಳಿಂದ ತಿಳಿಯಬೇಕಾಗಿತ್ತು.

ಚಿತ್ರದಲ್ಲಿರುವವರಿಗೆ ವಯಸ್ಸಾಗುವುದು ನಮ್ಮೂರಿನಲ್ಲಿ ಯಾರಿಗೂ ಸುದ್ದಿಯಲ್ಲ. ಗೋಡೆಯ ಮೇಲಿನ ಫೋಟೊಗಳು ಇದ್ದ ಹಾಗೇ ಇರುತ್ತವೆ. ಓಡಾಡುವ ಚಿತ್ರದೊಳಗಿನವರು ಮಾತ್ರ ನಮ್ಮ ಜೊತೆಗೇ ಮುದುಕರಾಗುತ್ತಾರೆ. ಉಟ್ಟ ಬಟ್ಟೆ ಹಳೆಯದೇ, ನಡೆದ ಸಂಗತಿಯೂ ಹಳೆಯದೇ, ಮೈ ಮಾತ್ರ ಇವತ್ತಿನದು. ಬಸ್ ನಿಲ್ದಾಣದ ಪಕ್ಕದ ಟಾಕೀಸಿನಲ್ಲಿ ಹಳೆಯ ಚಿತ್ರ ಹಾಕುವುದನ್ನು ಯಾವಾಗಲೋ ನಿಲ್ಲಿಸಿದರು. ಮಳೆಯ ಹಾಡಿನಲ್ಲಿ ನಾಯಕಿ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ಪಡ್ಡೆ ಹುಡುಗರು ದುಡ್ಡು ಕೊಟ್ಟು ನೋಡುವುದಿಲ್ಲ. ನನ್ನ ಹೆಂಡತಿ ಹೇಮಾಳಿಗೆ ಮಾತ್ರ ಅಂಥವೇ ಇಷ್ಟ. "ಈಗ ನೋಡಿ, ಇಬ್ಬರಿಗೂ ನಿಜವಾಗಿ ಪ್ರೀತಿ ಇರೋ ಹಾಗೆ ಕಾಣುತ್ತೆ" ಅನ್ನುತ್ತಾಳೆ. ಮಕ್ಕಳು ದೂರದೂರಿನಲ್ಲಿರುವವರು ನಾಮಕರಣದ ಡಿಸ್ಕ್ ಹಾಕಿ, ತೊಟ್ಟಿಲಿನಲ್ಲಿ ಕೈಕಾಲು ಮಡಚಿ ಮಲಗಿರುವ ಮೀಸೆಯ ಮಗನನ್ನು ನೋಡಿ, ಸೊರಗಿದ್ದಾನೆ, ಫೋನು ಮಾಡಬೇಕು ಅಂದುಕೊಳ್ಳುತ್ತಾರೆ. ತೀರಿಕೊಂಡವರು ತೀರಿಕೊಂಡ ದಿನದ ವಯಸ್ಸಿನಲ್ಲಿ ನಿಂತುಬಿಡುತ್ತಾರೆ. ವೈಕುಂಠ ಸಮಾರಾಧನೆಯ ಊಟವಾದ ಮೇಲೆ ಮನೆಯವರೆಲ್ಲ ಕೂತು ಒಮ್ಮೆ ಡಿಸ್ಕ್ ನೋಡುವುದು, ಹಿರಿಯರೊಬ್ಬರು "ನಿಂತಿದೆ" ಎನ್ನುವುದು, ಆಮೇಲೆ ಎಲೆ ಅಡಿಕೆ ಹಂಚುವುದು ರೂಢಿ. ನದಿಯ ಸೇತುವೆ ದಾಟಿಸಿದರೆ ಅದೇ ಡಿಸ್ಕ್ ಎಲ್ಲ ಊರಿನ ಡಿಸ್ಕಿನಂತೆ ಮಾಮೂಲಿ.

ಅಕ್ಕ ಅಂಬುಜಾಕ್ಷಿಯ ಗಂಡ ಯದುನಂದನ ಭಾವ ಮದುವೆಯಾದ ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ, ಕುಕ್ಕರಿನ ಗ್ಯಾಸ್ಕೆಟ್ ತರುತ್ತೇನೆಂದು ಚೀಲ ಹಿಡಿದು ಹೋದವರು ತಿರುಗಿ ಬರಲಿಲ್ಲ. ಜಗಳವಿಲ್ಲ, ಸಾಲವಿಲ್ಲ. ಆಸ್ಪತ್ರೆ, ಠಾಣೆ, ಕೆರೆ ಎಲ್ಲ ಹುಡುಕಿದೆವು. ಒಂದು ವಾರವಾದ ಮೇಲೆ ಅವರ ಶೇವಿಂಗ್ ಸೆಟ್ಟೂ ಮನೆಯಲ್ಲಿಲ್ಲವೆಂದು ಗೊತ್ತಾಯಿತು. ಗ್ಯಾಸ್ಕೆಟ್ ತರುವವರಿಗೆ ಅದೇಕೆ ಬೇಕಾಯಿತೆಂದು ಅಕ್ಕನ ಎದುರು ಯಾರೂ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ಅವಳು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮಧ್ಯಾಹ್ನದ ಊಟದ ಮೆಸ್ ಶುರುಮಾಡಿದಳು. ಹದಿಮೂರು ವರ್ಷವಾಯಿತು. ಸುದ್ದಿಯಿಲ್ಲದವರನ್ನು ಸತ್ತವರೆಂದು ಬರೆದುಕೊಡುವ ಕೋರ್ಟಿನ ದಾರಿ ಏಳನೆಯ ವರ್ಷಕ್ಕೇ ತೆರೆದಿತ್ತು, ಅಕ್ಕ ಅತ್ತ ಹೋಗಲಿಲ್ಲ. "ಜಡ್ಜಿಗೆ ಏನು ಗೊತ್ತು? ಚಿತ್ರ ನಿಂತಿದೆಯೋ ಓಡ್ತಿದೆಯೋ ಅದನ್ನ ಹೇಳೋರು ಬೇಕು" ಅನ್ನುತ್ತಿದ್ದಳು.

ಅದನ್ನು ಹೇಳಲು ಆಗುತ್ತಿರಲಿಲ್ಲ. ಮದುವೆಯ ಕ್ಯಾಸೆಟ್ಟಿನ ಕಾಪಿಯ ಕಾಪಿಯಿಂದ ಮಾಡಿಸಿದ್ದ ಡಿಸ್ಕ್ ನಮ್ಮದು. ಅದರಲ್ಲಿ ಭಾವನ ಮುಖಕ್ಕೆ ಒಂದೋ ಬಾಸಿಂಗ ಅಡ್ಡ, ಇಲ್ಲವೇ ಹೋಮದ ಹೊಗೆ ಅಡ್ಡ. ಮುಖ ಬಯಲಾಗಿ ಸಿಗುವುದು ಒಂದೇ ಕಡೆ: ನಮ್ಮಪ್ಪ ಅಳಿಯನ ಕಾಲು ತೊಳೆಯುವಾಗ. ತಣ್ಣೀರು ಬಿದ್ದದ್ದಕ್ಕೆ ಭಾವ ತಲೆಯೆತ್ತಿ ನಗುತ್ತಾರೆ. ತಲೆಗೂದಲು ಪೇಟದೊಳಗೆ, ಮೈ ಬಿಳಿ ಬಟ್ಟೆಯ ಮಸುಕಿನೊಳಗೆ, ಮುಖದ ಗೆರೆಗಳೆಲ್ಲ ಕ್ಯಾಮೆರಾದವನ ದೀಪದ ಬೆಳಕಿನಲ್ಲಿ ಮಾಯ. ಉಳಿದದ್ದು ಉಗುರಿನಷ್ಟಗಲದ ಕಲಸಿದ ಹಿಟ್ಟಿನಂಥ ಮುಖ. ಅದನ್ನು ನಿಲ್ಲಿಸಿ, ಹಿಂದೆ ತಂದು, ಮತ್ತೆ ನಿಲ್ಲಿಸಿ ಅಕ್ಕ ನೋಡುತ್ತಿದ್ದಳು. ಒಂದು ದಿನ ವಯಸ್ಸಾಗಿದೆ ಅನ್ನುತ್ತಿದ್ದಳು, ಮರುದಿನ ಇಲ್ಲ ಅನ್ನುತ್ತಿದ್ದಳು. ಡಿಸ್ಕಿನಲ್ಲಿ ತನ್ನ ಮುಖ ಬರುವ ಹೊತ್ತಿಗೆ ಮಾತ್ರ, ಒಲೆಯ ಮೇಲೆ ಏನೋ ಇದೆ ಎಂದು ಏಳುತ್ತಿದ್ದಳು. ಒಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಹೀಗೇ ನಡೆಯುತ್ತಿತ್ತೇನೋ, ಫಾಲಾಕ್ಷ ಅವರು ಕೇಳದಿದ್ದರೆ. ಅವರು ವಿದ್ಯುತ್ ಕಚೇರಿಯ ಮೀಟರ್ ರೀಡರ್. ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿವೆ, ಮಕ್ಕಳಿಲ್ಲ. ಮೆಸ್ಸಿನಲ್ಲಿ ಊಟ ಮಾಡಿ ತಟ್ಟೆಯನ್ನು ತಾವೇ ತೊಳೆದಿಟ್ಟು ಹೋಗುವವರು ಅವರೊಬ್ಬರೇ. ಬೇಡವೆಂದರೂ ಕೇಳುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಉಳಿದವರೆಲ್ಲ ಹೋದ ಮೇಲೆ, ಒದ್ದೆ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಅಕ್ಕನನ್ನು ಕೇಳಿದರಂತೆ: ನಾವಿಬ್ಬರೂ ಯಾಕೆ ಮದುವೆ ಆಗಬಾರದು? ಅಕ್ಕ ಹಾರಿಕೆಯ ಮಾತಾಡಲಿಲ್ಲ. "ಚಿತ್ರ ನಿಂತಿದ್ದರೆ ಆಗೋಣ. ಓಡ್ತಾ ಇದ್ದರೆ ಆಗೋದಿಲ್ಲ. ನೋಡಿ ಹೇಳ್ತೀನಿ" ಎಂದಳಂತೆ. ಇದನ್ನು ಅವಳೇ ನಮಗೆ, ಹುರುಳಿಕಾಯಿ ನಾರು ತೆಗೆಯುತ್ತಾ, ತಲೆಯೆತ್ತದೆ ಹೇಳಿದಳು.

"ನಿಮಗೆ ಮನಸ್ಸಿದೆಯಾ ಅತ್ತಿಗೆ?" ಎಂದು ಹೇಮಾ ಕೇಳಿದಳು.

"ಮನಸ್ಸಿನ ಮಾತು ಆಮೇಲೆ. ಮೊದಲು ನಾನು ಯಾರು ಅಂತ ಗೊತ್ತಾಗಲಿ."

ಮದುವೆಯ ಚಿತ್ರ ತೆಗೆದಿದ್ದ ಸ್ಟುಡಿಯೋಗೆ ಹೋದೆ. ಅದೃಷ್ಟಕ್ಕೆ ಅಸಲು ಟೇಪು ಅವರ ಅಟ್ಟದ ಮೇಲಿತ್ತು, ಬೂಷ್ಟು ಹಿಡಿದಿರಲಿಲ್ಲ. ಅದನ್ನು ಅವರು ಹೊಸ ಬಗೆಯ ಡಿಸ್ಕಿಗೆ ಇಳಿಸಿಕೊಟ್ಟರು. ಆ ಡಿಸ್ಕಿಗೆ ಹೊಸ ಪ್ಲೇಯರ್, ಆ ಪ್ಲೇಯರಿಗೆ ಹೊಸ ಟಿವಿ, ಹೀಗೆ ಒಂದರ ಹಿಂದೆ ಒಂದು ಬಂದವು.

ಭಾನುವಾರ ಬೆಳಿಗ್ಗೆ ಮೆಸ್ಸಿಗೆ ರಜೆ. ತಿಪ್ಪೇಶನ ಕಡೆಯವರು ಟಿವಿ ಗೋಡೆಗೆ ಹಾಕಿ ಹೋದ ಮೇಲೆ ಮೂವರೂ ಚಾಪೆಯ ಮೇಲೆ ಕೂತೆವು. ಹಳೆಯ ಪ್ಲೇಯರ್ ಡಿಸ್ಕನ್ನು ಟಕ್ಕೆಂದು ನುಂಗುತ್ತಿತ್ತು. ಇದರ ಬಾಯಿ ನಿಧಾನಕ್ಕೆ ಹೊರಬಂತು, ನಿಧಾನಕ್ಕೆ ಒಳಹೋಯಿತು, ಆಮೇಲೆ ಒಳಗಿನಿಂದ ಯಾರೋ ಅಕ್ಕಿ ಆರಿಸುತ್ತಿರುವಂಥ ಸದ್ದು. ಪರದೆಯ ಮೇಲೆ ಒಂದು ಚಕ್ರ ಸುತ್ತುತ್ತಲೇ ಇತ್ತು. "ಇಷ್ಟು ಯೋಚನೆ ಮಾಡ್ತಿದೆಯಲ್ಲ, ಹೇಳೋಕೆ ಮನಸ್ಸಿಲ್ಲವೇನೋ" ಎಂದಳು ಹೇಮಾ. ಅಷ್ಟರಲ್ಲಿ ಛತ್ರದ ಬಾಗಿಲು, ತೋರಣದ ಒಂದೊಂದು ಮಾವಿನೆಲೆಯ ನರ ಸಮೇತ, ನಮ್ಮ ಗೋಡೆಯ ತುಂಬ ಬಂದು ನಿಂತಿತು.

ಕಾಲು ತೊಳೆಯುವ ದೃಶ್ಯ ಬಂತು. ನೀರು ಬಿತ್ತು, ಭಾವ ತಲೆಯೆತ್ತಿ ನಕ್ಕರು. ನಾನು ನಿಲ್ಲಿಸಿದೆ.

ಭಾವ ದಪ್ಪಗಿದ್ದರು. ಕೆನ್ನೆ ತುಂಬಿಕೊಂಡು, ಭುಜ ಅಗಲವಾಗಿ, ಪಂಚೆಯ ಅಂಚಿನ ಮೇಲೆ ಹೊಟ್ಟೆ ಕೂತಿತ್ತು. ಮದುವೆಯ ಹೊತ್ತಿಗೆ ಭಾವ ಕೊಡೆಯ ಕಡ್ಡಿಯಂತಿದ್ದರು. ಗೋಡೆಯ ಫೋಟೊದಲ್ಲಿ ಈಗಲೂ ಹಾಗೇ ಇದ್ದಾರೆ. ಇನ್ನು ಅಳತೆ ಮಾಡುವುದೇನು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. "ಇದ್ದಾರೆ" ಎಂದಳು. ಮತ್ತೆ, ನನಗೆ ಕೇಳಿಸಲಿಲ್ಲವೇನೋ ಎಂಬಂತೆ, "ಇದ್ದಾರೆ ಕಣೋ ಮುಕುಂದ" ಎಂದಳು. ಎದ್ದು ಹೋಗಿ ದೇವರ ಮುಂದೆ ದೀಪ ಹಚ್ಚಿ ಬಂದಳು.

ಸೋಮವಾರ ಊಟದ ಹೊತ್ತಿಗೆ ಫಾಲಾಕ್ಷ ಅವರಿಗೆ ಹೇಳಿಬಿಟ್ಟಳು. ನಾನು ಒಳಗಿದ್ದೆ, ಕೇಳಿಸುತ್ತಿತ್ತು. "ಓಡ್ತಾ ಇದೆ" ಎಂದಳು ಅಕ್ಕ. "ಒಳ್ಳೇದಾಯ್ತು ಬಿಡಿ, ಬದುಕಿದ್ದಾರಲ್ಲ" ಎಂದರು ಅವರು. ತಟ್ಟೆ ಮುಂದೆ ಸರಿಸಿ, "ಸಾರು ಇನ್ನೊಂದು ಸ್ವಲ್ಪ ಹಾಕಿ" ಎಂದರು. ಎಂದಿನಂತೆ ತಟ್ಟೆ ತೊಳೆದರು. ನಲ್ಲಿಯನ್ನು ಮಾತ್ರ ಬಹಳ ಹೊತ್ತು ಬಿಟ್ಟಿದ್ದರು.

ಆಮೇಲಿನ ದಿನಗಳಲ್ಲಿ ಮನೆಯೊಳಗೆ ಒಂದು ಕಡೆ ನೆಟ್ಟಗೆ ಕೂರಲು ಯಾರಿಗೂ ಆಗಲಿಲ್ಲ. ಅಕ್ಕ ತಲೆಗೆ ಹೂವು ಮುಡಿದಳು, ಸಂಜೆ ತೆಗೆದು ಮೂಸಿ ತುಳಸಿಕಟ್ಟೆಯ ಮೇಲಿಟ್ಟಳು. ಹೊಸ ಕುಕ್ಕರ್ ಇದ್ದರೂ ಹಳೆಯದನ್ನು ಅಟ್ಟದಿಂದ ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜಿದಳು. ಬಾಗಿಲಲ್ಲಿ ಸೈಕಲ್ ನಿಂತರೆ ಹೊರಗೆ ನೋಡುತ್ತಿದ್ದಳು, ಅಲ್ಲಿ ಯಾರಿದ್ದರೂ ಅವರ ಮೇಲೆ ರೇಗುತ್ತಿದ್ದಳು. ಸಾರಿಗೆ ಒಂದು ದಿನ ಎರಡು ಸಲ ಉಪ್ಪು ಬಿತ್ತು. ಸುದ್ದಿ ಹಬ್ಬಿ ಬೀದಿಯವರೆಲ್ಲ ತಮ್ಮ ತಮ್ಮ ಟೇಪುಗಳನ್ನು ಹೊಸ ಡಿಸ್ಕಿಗೆ ಇಳಿಸಿಕೊಂಡು ನಮ್ಮ ಮನೆಗೆ ಬರತೊಡಗಿದರು. ಬಂದವರೆಲ್ಲ ಸಂತೋಷವಾಗಿ ಹೋದರು. "ನೋಡಿ, ಗಂಡನ ಮನೆಯಲ್ಲಿ ಸರಿಯಾಗಿ ಹಾಕೋದಿಲ್ಲ ಅಂತಿದ್ದೆವು, ಎಷ್ಟು ಮೈಕೈ ತುಂಬಿಕೊಂಡಿದ್ದಾಳೆ" ಎಂದು ಎದುರು ಮನೆಯ ಕಮಲಾಬಾಯಿ ಮಗಳನ್ನು ನೋಡಿ ಕಣ್ಣೊರೆಸಿಕೊಂಡರು. ಹಾಸ್ಟೆಲಿನಲ್ಲಿದ್ದ ಹುಡುಗ, ದೂರದ ಗಣಿಯಲ್ಲಿದ್ದ ಅಣ್ಣ, ಎಲ್ಲರೂ ತುಂಬಿಕೊಂಡೇ ಇದ್ದರು.

ನನ್ನನ್ನು ಕೊರೆಯತೊಡಗಿದ್ದು ಇದೇ. ಪ್ರಯೋಗಾಲಯಕ್ಕೆ ಬಂದ ನೀರಿನ ಮಾದರಿಗಳೆಲ್ಲ ಒಂದೇ ಬಗ್ಗಡ ತೋರಿಸಿದರೆ ನಾವು ನದಿಯನ್ನು ಅನುಮಾನಿಸುವುದಿಲ್ಲ, ಮೀಟರನ್ನು ಅನುಮಾನಿಸುತ್ತೇವೆ. ಗುರುವಾರ ಕೆಲಸದಿಂದ ಬೇಗ ಬಂದೆ. ಅಕ್ಕ ತರಕಾರಿಗೆ ಹೋಗಿದ್ದಳು. ಡಿಸ್ಕ್ ಹಾಕಿ ಅದೇ ದೃಶ್ಯವನ್ನು ನಿಲ್ಲಿಸಿ, ಈ ಸಲ ಭಾವನನ್ನು ಬಿಟ್ಟು ಪಕ್ಕಕ್ಕೆ ನೋಡಿದೆ.

ಅಪ್ಪನೂ ದಪ್ಪಗಿದ್ದರು.

ಅಪ್ಪ ತೀರಿಕೊಂಡು ಹನ್ನೊಂದು ವರ್ಷ. ಜ್ವರ ಹಿಡಿದು, ಒಣಗಿದ ನುಗ್ಗೆಕಾಯಿಯಂತಾಗಿ ಹೋದವರು. ವೈಕುಂಠದ ದಿನ ಹಳೆಯ ಡಿಸ್ಕಿನಲ್ಲಿ ಹಾಗೇ ಕಂಡಿದ್ದರು, ಚಿಕ್ಕಪ್ಪನೇ "ನಿಂತಿದೆ" ಎಂದಿದ್ದರು. ಆ ಅಪ್ಪ ಈಗ ಸಮಾರಂಭದ ಅಡುಗೆ ಭಟ್ಟರಂತೆ ಗುಂಡಗೆ ಕೂತು ಅಳಿಯನ ಕಾಲು ತೊಳೆಯುತ್ತಿದ್ದರು. ಅವರ ಹಿಂದೆ ಛತ್ರದ ಗೋಡೆ ಗಡಿಯಾರ ಕುಂಬಳಕಾಯಿಯಂತೆ ಅಗಲವಾಗಿತ್ತು. ಅಳತೆಪಟ್ಟಿ ತಂದು ಪರದೆಯ ಮೇಲೆ ಇಟ್ಟೆ. ಗಡಿಯಾರದ ಅಗಲ ಎತ್ತರಕ್ಕಿಂತ ಮೂರನೆಯ ಒಂದು ಪಾಲು ಹೆಚ್ಚಿತ್ತು. ಹಳೆಯ ಕ್ಯಾಮೆರಾದ ಚಿತ್ರ ಹೆಚ್ಚುಕಡಿಮೆ ಚೌಕ. ಹೊಸ ಟಿವಿ ಅದನ್ನು ಎರಡು ಕೈಯಿಂದ ಹಿಡಿದು ತನ್ನ ಅಗಲಕ್ಕೆ ಎಳೆದಿತ್ತು. ನನ್ನ ಓದಿಗೆ ಇದು ಮೊದಲ ನೋಟಕ್ಕೇ ತಿಳಿಯಬೇಕಾಗಿದ್ದ ವಿಷಯ. ಆದರೆ ಆ ಭಾನುವಾರ ನನ್ನ ಕಣ್ಣೂ ಅಕ್ಕನ ಕಣ್ಣಿನಂತೆ ಭಾವನ ಮುಖವೊಂದನ್ನೇ ನೋಡಿತ್ತು.

ತಿಪ್ಪೇಶನ ಅಂಗಡಿಗೆ ಹೋದೆ. ಅವನು ಗಲಿಬಿಲಿಗೊಳ್ಳಲಿಲ್ಲ. "ಅದಕ್ಕೆ ಬಟನ್ ಇದೆ ಸಾರ್. ಒತ್ತಿದರೆ ಎರಡು ಕಡೆ ಕಪ್ಪು ಪಟ್ಟಿ ಬರುತ್ತೆ, ಎಲ್ಲರೂ ಸಣ್ಣಗಾಗ್ತಾರೆ. ಮೊದಮೊದಲು ಹಾಗೇ ಕೊಡ್ತಿದ್ದೆ. ಮಗಳು ಬಡವಾಗಿದ್ದಾಳೆ ಅಂತ ಅತ್ತುಕೊಂಡು ಟಿವಿ ವಾಪಸ್ ತಂದರು. ಸಣ್ಣಗಿರೋರನ್ನ ಯಾರು ಸಾರ್ ಕೊಂಡ್ಕೋತಾರೆ?"

"ಗೊತ್ತಿದ್ದೂ ಹೇಳಲಿಲ್ಲವಲ್ಲ ನೀನು."

"ಊರಿಗೆ ಊರೇ ಸಮಾಧಾನವಾಗಿ ನಿದ್ದೆ ಮಾಡ್ತಿದೆ. ನಾನು ಎಬ್ಬಿಸಲಾ?" ಎಂದು ಅವನು ರಿಮೋಟಿನಲ್ಲಿ ಆ ಬಟನ್ ತೋರಿಸಿದ. ಅದು ಮೂಲೆಯಲ್ಲಿತ್ತು, ನಾನು ಒಮ್ಮೆಯೂ ಮುಟ್ಟಿರಲಿಲ್ಲ.

ರಿಮೋಟನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಒತ್ತಿ ನೋಡಬಹುದಾಗಿತ್ತು, ಒತ್ತಲಿಲ್ಲ. ಅಪ್ಪ ಸಣ್ಣಗಾಗುತ್ತಾರೆ, ಅದು ಖಚಿತ. ಭಾವನೂ ಅಷ್ಟೇ ಸಣ್ಣಗಾಗಿ ಫೋಟೊದ ಭಾವನಾಗಿಬಿಟ್ಟರೆ, ಅವರು ನಿಂತು ಬಹಳ ಕಾಲವಾಗಿದೆ ಎಂದೇ ಅರ್ಥ. ಅಕ್ಕ ಹಚ್ಚಿದ ದೀಪವನ್ನು ನಾನು ಆರಿಸಬೇಕು. ಒಬ್ಬನೇ ಮೊದಲು ತಿಳಿದುಕೊಂಡರೆ ಆಮೇಲೆ ಸುಳ್ಳು ಹೇಳುವ ಆಸೆ ಬರುತ್ತದೆಂದು ನನಗೇ ಭಯವಾಯಿತು. ಶುಕ್ರವಾರ ಪ್ರಯೋಗಾಲಯದಲ್ಲಿ ಎರಡು ಗಾಜಿನ ನಳಿಕೆ ಕೈಜಾರಿ ಒಡೆದವು. "ಜೇಬಿನಲ್ಲಿ ರಿಮೋಟ್ ಇಟ್ಟುಕೊಂಡು ಆಫೀಸಿಗೆ ಹೋಗೋರನ್ನ ನಾನು ಇದೇ ಮೊದಲು ನೋಡ್ತಿರೋದು" ಎಂದಳು ಹೇಮಾ. ಅವಳಿಗೆ ಎಲ್ಲವನ್ನೂ ಹೇಳಿದೆ. "ಅತ್ತಿಗೆ ಮುಂದೆಯೇ ಒತ್ತಿ. ಅದು ಅವರ ಉತ್ತರ, ನಿಮ್ಮದಲ್ಲ" ಎಂದಳು.

ಶನಿವಾರ ಬೆಳಿಗ್ಗೆ ಅಕ್ಕ ಚಪಾತಿ ಹಿಟ್ಟು ಕಲಸುತ್ತಿದ್ದಳು. "ಅಕ್ಕ, ಒಂದು ತಪ್ಪಾಗಿದೆ" ಎಂದೆ. "ಆ ಟಿವಿಯಲ್ಲಿ ಅಪ್ಪನೂ ದಪ್ಪಗಿದ್ದಾರೆ."

ಅವಳ ಕೈ ಹಿಟ್ಟಿನಲ್ಲೇ ನಿಂತಿತು. ಕೇಳಿದ್ದು ಅವಳೊಳಗೆ ಎಲ್ಲಿಯವರೆಗೆ ಹೋಯಿತೆಂದು ಮುಖದಲ್ಲಿ ಕಾಣುತ್ತಿತ್ತು. "ಅಂದರೆ ಮಿಷನ್ನು ದಪ್ಪ ಮಾಡ್ತಿದೆ" ಎಂದಳು. ಹೌದೆಂದೆ. "ಸರಿ ಮಾಡೋಕೆ ಬರುತ್ತಾ?" ಬರುತ್ತದೆ ಎಂದೆ. ಅವಳು ಹಿಟ್ಟಿನ ಕೈಯನ್ನು ತೊಳೆಯದೆ ಹಾಗೇ ಬಂದು, ಮೊಣಕೈಗಳನ್ನು ಮಂಡಿಯ ಮೇಲಿಟ್ಟು ಚಾಪೆಯ ಮೇಲೆ ಕೂತಳು. ಹೇಮಾ ಒಲೆ ಆರಿಸಿ ಬಂದಳು.

ಪ್ಲೇಯರಿನ ಬಾಯಿ ತೆರೆಯಿತು, ಮುಚ್ಚಿತು, ಚಕ್ರ ಸುತ್ತಿತು. ಕಾಲು ತೊಳೆಯುವ ದೃಶ್ಯಕ್ಕೆ ಬಂದು ನಿಲ್ಲಿಸಿ, ಮೂಲೆಯ ಬಟನ್ ಒತ್ತಿದೆ. ಎರಡು ಕಡೆಯಿಂದ ಕಪ್ಪು ಪಟ್ಟಿಗಳು ಬಂದು ಚಿತ್ರವನ್ನು ಒತ್ತಿದವು. ಗಡಿಯಾರ ದುಂಡಗಾಯಿತು. ಅಪ್ಪ ಕೊನೆಯ ಜ್ವರದ ಅಪ್ಪನಾದರು. ಕೊರಳಿನ ನರ, ಚೊಂಬು ಹಿಡಿದ ಕೈಯ ಮೂಳೆ, ಎಲ್ಲ ಇದ್ದಲ್ಲೇ ಇದ್ದವು. ಭಾವನೂ ಸಣ್ಣಗಾದರು.

ಆದರೆ ಫೋಟೊದಷ್ಟು ಸಣ್ಣಗಾಗಲಿಲ್ಲ.

ನಾನು ಗೋಡೆಯ ಫೋಟೊ ತೆಗೆದು ಪರದೆಯ ಪಕ್ಕ ಹಿಡಿದೆ. ಅಳತೆಪಟ್ಟಿ ಬೇಕಾಗಲಿಲ್ಲ. ಗಲ್ಲದ ಕೆಳಗೆ ಇನ್ನೊಂದು ಗಲ್ಲವಿತ್ತು. ಉಂಗುರ ಬೆರಳಿನೊಳಗೆ ಹೂತಿತ್ತು. ಕೆನ್ನೆಯ ಮೇಲೆ ಭಾನುವಾರ ಇಲ್ಲದಿದ್ದ ಶೇವಿಂಗಿನ ಗೀರೊಂದು ಇನ್ನೂ ಹಸಿಯಾಗಿತ್ತು. ಪಂಚೆಯ ಮೇಲೆ ಹೊಟ್ಟೆ, ಮೊದಲು ಕಂಡಷ್ಟಿಲ್ಲದಿದ್ದರೂ, ಇದ್ದೇ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ ಆ ಪಾದ: ಅಪ್ಪನ ಒಣಕಲು ಅಂಗೈಯ ಮೇಲೆ ಅದು ಈಗಷ್ಟೇ ಬೇಯಿಸಿ ಇಳಿಸಿದ ಕಡುಬಿನಂತೆ ಕೂತಿತ್ತು. ಅಕ್ಕ ಪರದೆಯ ಹತ್ತಿರ ಸರಿದು ಅದನ್ನೇ ನೋಡಿದಳು.

"ಈ ಪಾದದಲ್ಲಿ ಒಂದೊಂದು ಮೂಳೆಯೂ ಕಾಣ್ತಿತ್ತು" ಎಂದಳು. "ನಾಲ್ಕು ವರ್ಷ ಬಡಿಸಿದೆ. ತುಪ್ಪ ಹಾಕಿದೆ, ಗೋಡಂಬಿ ಹುರಿದು ಹಾಕಿದೆ. ಒಂದು ಗುಲಗಂಜಿ ತೂಕ ಏರಲಿಲ್ಲ. ಯಾರೋ ಚೆನ್ನಾಗಿ ಅಡುಗೆ ಮಾಡ್ತಿದ್ದಾರೆ."

"ಬದುಕಿದ್ದಾರೆ ಅನ್ನೋದಂತೂ ಖಾತ್ರಿಯಾಯ್ತಲ್ಲ ಅಕ್ಕ" ಎಂದೆ.

"ಆಯ್ತು." ಅವಳು ಬೆರಳಿಗೆ ಅಂಟಿ ಒಣಗುತ್ತಿದ್ದ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸಿದಳು. "ನೀನು ಆಗ ಅಡುಗೆಮನೆಗೆ ಬಂದು ಅಪ್ಪನೂ ದಪ್ಪಗಿದ್ದಾರೆ ಅಂದೆಯಲ್ಲ, ಹಾಗಾದರೆ ಇವರು ನಿಂತಿರಬಹುದು ಅಂತ ನನಗೆ ಹೊಳೀತು. ಹೊಳೆದ ತಕ್ಷಣ ಎದೆಯಿಂದ ಏನೋ ಇಳಿದ ಹಾಗಾಯ್ತು ಕಣೋ. ಹಗುರ ಅನ್ನಿಸ್ತು. ಆಮೇಲೆ ಹೆದರಿಕೆ ಆಯ್ತು. ಒಬ್ಬ ಮನುಷ್ಯ ಸತ್ತಿರಲಿ ಅಂತ ಕೈ ಸಹ ತೊಳೀದೆ ಓಡಿಬಂದು ಇಲ್ಲಿ ಕೂತಿದ್ದೆ. ಇಷ್ಟು ವರ್ಷ ಕೂತದ್ದೂ ಅದಕ್ಕೇನೋ, ಯಾರಿಗೆ ಗೊತ್ತು."

"ಹಾಗೆಲ್ಲ ಅನ್ನಬೇಡಿ ಅತ್ತಿಗೆ" ಎಂದಳು ಹೇಮಾ.

"ಅನ್ನದಿದ್ದರೆ ಇನ್ನೂ ಕೆಟ್ಟದು. ಅವರು ಇರಲಿ, ತಿನ್ನಲಿ, ಇನ್ನೂ ದಪ್ಪಗಾಗಲಿ. ನಾನು ಬದುಕೋದಕ್ಕೆ ಅವರು ಸಾಯಬೇಕಾಗಿಲ್ಲ." ಅವಳು ನನ್ನ ಕಡೆ ತಿರುಗಿದಳು. "ಮುಂದಕ್ಕೆ ಓಡಿಸು."

ಚಿತ್ರ ಮುಂದೆ ಸಾಗಿತು. ಅಪ್ಪ ಎದ್ದು ಪಂಚೆಯ ತುದಿಗೆ ಕೈಯೊರೆಸಿಕೊಂಡರು. ಭಾವ ಆಚೆ ಹೋದರು. ಹೆಂಗಸರ ಗುಂಪು ಬಿಡಿಸಿಕೊಂಡು ಮದುಮಗಳು ಬಂದಳು. ಅಕ್ಕ ಏಳುತ್ತಾಳೆಂದು ಹೇಮಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಅವಳು ಏಳಲಿಲ್ಲ. ಹಸಿರು ಸೀರೆ, ಮೊಗ್ಗಿನ ಜಡೆ, ಕೈತುಂಬ ಮೆಹಂದಿ, ಅದರ ಮೇಲೆ ಒಲೆಯ ಮುಂದೆ ಹದಿಮೂರು ವರ್ಷ ನಿಂತ ಇವತ್ತಿನ ಮುಖ. ಬೈತಲೆಯ ಎರಡು ಕಡೆ ನರೆ ಒಂದೊಂದೂ ಎದ್ದು ಕಾಣುತ್ತಿತ್ತು. ತಿಪ್ಪೇಶ ಆ ವಿಷಯದಲ್ಲಿ ಮೋಸ ಮಾಡಿರಲಿಲ್ಲ. ಪರದೆಯ ಮೇಲೆ ತಾಳಿ ಕಟ್ಟಿ ಮುಗಿಯುವವರೆಗೂ ಅಕ್ಕ ತನ್ನನ್ನು ತಾನು ನೋಡಿಕೊಂಡಳು.

"ನಾನೂ ಪರವಾಗಿಲ್ಲ" ಎಂದು ಎದ್ದು ಹೋಗಿ ಹಿಟ್ಟು ಕಲಸುವುದನ್ನು ಮುಂದುವರಿಸಿದಳು.

ಆ ಮಧ್ಯಾಹ್ನ ಫಾಲಾಕ್ಷ ಅವರು ಕೊನೆಯ ಪಂಕ್ತಿಗೆ ಬಂದರು. ಅಕ್ಕ ಅವರಿಗೆ ಬಡಿಸಿ, ಬೇರೆ ಯಾರೂ ಉಳಿದಿಲ್ಲವೆಂದು ನೋಡಿ, ತನಗೂ ಒಂದು ತಟ್ಟೆ ಹಾಕಿಕೊಂಡು ಎದುರಿಗೆ ಕೂತಳು. ಮೆಸ್ಸು ಶುರುವಾದಾಗಿನಿಂದ ಅವಳು ಆ ಕೋಣೆಯಲ್ಲಿ ಕೂತು ಉಂಡದ್ದು ಯಾರೂ ಕಂಡಿರಲಿಲ್ಲ. ಫಾಲಾಕ್ಷ ಅವರು ಏನೂ ಕೇಳದೆ ಚಪಾತಿ ಮುರಿಯುತ್ತಿದ್ದರು. ಊಟ ಮುಗಿಸಿ ತಟ್ಟೆಯೆತ್ತಿಕೊಂಡು ನಲ್ಲಿಯ ಕಡೆ ನಡೆದರು. ಅಕ್ಕ ಹಿಂದೆಯೇ ಹೋಗಿ, ತನ್ನ ತಟ್ಟೆಯನ್ನು ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ಇಟ್ಟಳು.

"ಇದನ್ನೂ ತೊಳೆದುಬಿಡಿ" ಎಂದಳು.

ಅವರು ಆ ತಟ್ಟೆಯನ್ನು ನೋಡಿದರು, ಅಕ್ಕನನ್ನು ನೋಡಿದರು. "ಚಿತ್ರ ನಿಂತಿತಾ?" ಎಂದು ಮೆಲ್ಲಗೆ ಕೇಳಿದರು.

"ಇಲ್ಲ. ಓಡ್ತಾ ಇದೆ. ಓಡಲಿ ಬಿಡಿ."

ಫಾಲಾಕ್ಷ ಅವರು ಅಂಗಿಯ ತೋಳು ಮಡಚಿಕೊಂಡು, ಮೊದಲು ಅಕ್ಕನ ತಟ್ಟೆಯನ್ನು ಕೈಗೆತ್ತಿಕೊಂಡರು.